ಯಜಮಾನರ ಬಾಯಿ ಬಿಡಿಸಿದ ಧಾರಾವಾಹಿ

ಗಜೇಂದ್ರಗಡದ ಪೇಟೆಯಲ್ಲಿ ನಮ್ಮದು ಬಟ್ಟೆ ಅಂಗಡಿ. ಅಲ್ಲಿ ನಮ್ಮ ಯಜಮಾನರ ಬಾಯಿಗೆ ಬಿಡುವೆಂಬುದೇ ಇಲ್ಲ. ಆದರೆ ಮೈಸೂರು ಕಡೆಯ ಹುಡುಗಿ ಸೊಸೆಯಾಗಿ ಬಂದ ಮೇಲೆ ಮನೆಯಲ್ಲಿ ಅವರು ವಾರ್ತೆ ಓದುವವರ ಹಾಗೆ ಮಾತಾಡತೊಡಗಿದರು. "ಅಮ್ಮಾ, ನೀರನ್ನು ತೆಗೆದುಕೊಂಡು ಬಾ" ಎಂದು ಮುಗಿಸುವಷ್ಟರಲ್ಲಿ ಬೆವರುತ್ತಿದ್ದರು. ನನಗೆ ನಗು ತಡೆಯಲಾಗುತ್ತಿರಲಿಲ್ಲ. ಬರಬರುತ್ತ ಅಷ್ಟೂ ನಿಂತುಹೋಯಿತು. ಉಂಡು ಎದ್ದು ಹೊರಟುಬಿಡುವರು. ಮಾವ ಸೊಸೆ ಹೀಗೇ ಉಳಿದುಬಿಟ್ಟರೆ ಹೇಗೆ ಎಂಬ ಚಿಂತೆ ನನಗೆ ಹತ್ತಿತು.

ಅಷ್ಟರಲ್ಲಿ ಟಿವಿಯಲ್ಲಿ ನಮ್ಮ ಸೀಮೆಯ ದೊಡ್ಡ ಸಾಹಿತಿಗಳ ಬದುಕಿನ ಧಾರಾವಾಹಿ ಶುರುವಾಯಿತು. ಯಜಮಾನರು ಮೂಗು ಮುರಿದರು.

"ನಮ್ಮ ಮಾತ ಟಿವಿಯಾಗ ಬರೂದು ನಗಸಾಕಷ್ಟ. ಇವ್ರನ್ನೂ ಜೋಕರ್ ಮಾಡಿರ್ತಾರ, ತಗೋ."

ಹಾಗೆಂದವರು ಬಾಗಿಲಲ್ಲಿ ನಿಂತು ಪೂರ್ತಿ ನೋಡಿದರು. ಮರುದಿನ ಕುರ್ಚಿ ಎಳೆದುಕೊಂಡರು.

ಎಷ್ಟು ಚಂದ ಮಾಡಿದ್ದರು! ಆ ಸಾಹಿತಿಗಳು ನಮ್ಮ ಮಾತಿನಲ್ಲೇ ಜಗಳಾಡುತ್ತಿದ್ದರು, ಚಹಾ ಕುಡಿಯುತ್ತ ಪದ್ಯ ಕಟ್ಟುತ್ತಿದ್ದರು. ಒಬ್ಬ ನಟ "ಚಲೋ" ಅನ್ನುವುದನ್ನು ವಿಪರೀತ ಎಳೆಯುತ್ತಾನೆ ಎಂಬುದೊಂದೇ ನನ್ನ ತಕರಾರು. ಹೊಳೆಆಲೂರಿನ ನಮ್ಮಕ್ಕ ಕಂತು ಮುಗಿದ ಕೂಡಲೇ ಫೋನ್ ಮಾಡುತ್ತಿದ್ದಳು. ಎದುರಿನ ಬಳೆ ಅಂಗಡಿಯ ಸಾಹೇಬರು ಬೆಳಿಗ್ಗೆ ಬಾಗಿಲು ತೆರೆಯುವ ಮೊದಲೇ ನಮ್ಮ ಅಂಗಡಿಗೆ ಬಂದು, "ಅಷ್ಟ ದೊಡ್ಡವ್ರೂ ಖರೇ ನಮ್ಹಂಗ ಮಾತಾಡ್ತಿದ್ರೇನ್ರಿ?" ಎಂದು ಕೇಳಿದರಂತೆ. ರಾಜೂರಿನಿಂದ ಸೀರೆ ಕೊಳ್ಳಲು ಬಂದ ಹೆಣ್ಣುಮಕ್ಕಳ ಬಾಯಲ್ಲೂ ಅದೇ ಮಾತು.

ಒಂದು ಸಂಜೆ, ಕಥೆಯಲ್ಲಿ ಮುದಿ ಸಾಹಿತಿಯೊಬ್ಬ ಹಾಸಿಗೆ ಹಿಡಿದ ಗೆಳೆಯನ ಪಕ್ಕ ಕೂತು, "ನೀ ಇಲ್ಲಂದ್ರ ನಾ ಬರದದ್ದನ್ನ ಯಾರಿಗೆ ಓದಿ ತೋರಿಸ್ಲೋ?" ಎಂದ. ನನ್ನ ಕಣ್ಣೂ ತುಂಬಿತು. ಸೊಸೆಯಂತೂ ಬಿಕ್ಕಿ ಬಿಕ್ಕಿ ಅತ್ತಳು. ಯಜಮಾನರು ಟಿವಿ ಬಿಟ್ಟು ಅವಳನ್ನೇ ನೋಡಿದರು. ಆಮೇಲೆ ತಾವೇ ಒಳಗೆ ಹೋಗಿ ತಂಬಿಗೆ ತಂದರು.

"ಅಳಬ್ಯಾಡ ನನ್ನವ್ವಾ. ಒಂದ್ ಗುಟುಕ ನೀರ ಕುಡಿ."

ಸೊಸೆ ತಲೆಯೆತ್ತಿದಳು. "ಮಾವ, ಇಷ್ಟು ದಿನ ನನ್ನ ಹತ್ರ ಯಾಕೆ ಹೀಗೆ ಮಾತಾಡಲಿಲ್ಲ?"

"ನೀ ನಗತೀ ಅಂತ ಅಂಜಿದ್ನಿ."

"ಅಯ್ಯೋ! ನಾನಿನ್ನೂ ಹೊರಗಿನವಳು, ಅದಕ್ಕೇ ಹಾಗೆ ಮಾತಾಡ್ತೀರ ಅಂದ್ಕೊಂಡಿದ್ದೆ" ಎಂದಳು.

ಯಜಮಾನರು ತಂಬಿಗೆಯನ್ನು ಅವಳ ಕೈಗಿಟ್ಟರು.

"ಹೊರಗಿನಾಕಿ ಆಗಿದ್ರ, ನಿನ್ನ ನಗೀಗೆ ನಾ ಯಾಕ ಅಂಜತಿದ್ನವಾ?"