ಸೋನಾ ಬೆಲ್ಟ್ ಎಂಬ ಡಾಬು

ಅದು 2004ರ ಮಾತು. ಮುರಗೋಡದ ಗಂಡನ ಮನೆಯಲ್ಲಿ ನನ್ನ ಕುಬಸದ ತಯಾರಿ ನಡೆದಿತ್ತು. ಸೀಮಂತಕ್ಕೆ ನಮ್ಮ ಕಡೆ ಕುಬಸ ಎನ್ನುತ್ತೇವೆ. ಮನೆಯವರಿಗೆಲ್ಲ ಅಡುಗೆಯ ಚಿಂತೆಯಾದರೆ ನಮ್ಮ ಅತ್ತೆಯವರಿಗೆ ನನ್ನ ನಡುವಿನ ಚಿಂತೆ. ಸೊಸೆಗೆ ಬಂಗಾರದ ಡಾಬು ಹಾಕುತ್ತೇವೆಂದು ಮದುವೆಯಲ್ಲಿ ನನ್ನ ತವರಿನವರಿಗೆ ಮಾತು ಕೊಟ್ಟಿದ್ದರು. ಅದು ಆಗಿರಲಿಲ್ಲ. ಈಗ ರಾಮದುರ್ಗದಿಂದ ಬೀಗರು ಬಂದು ಬರಿಯ ನಡು ನೋಡಿದರೆ ಮುಖ ಎಲ್ಲಿಡುವುದು ಎಂದು ಒದ್ದಾಡುತ್ತಿದ್ದರು.

ಒಂದು ಮಧ್ಯಾಹ್ನ ಅತ್ತೆ ನನ್ನ ಕಿವಿಯಲ್ಲಿ, "ಡಾಬು ಬರಾಕತ್ತೈತಿ. ಯಾರ ಮುಂದೂ ಬಾಯಿ ಬಿಡಬ್ಯಾಡ ಮತ್ತ" ಎಂದರು. ಆದರೆ ರಾಮದುರ್ಗಕ್ಕೆ ಫೋನ್ ಮಾಡಿ ಸುದ್ದಿ ಮುಟ್ಟಿಸಿದವರೂ ಅವರೇ.

ಕುಬಸದ ದಿನ ಪಡಸಾಲೆ ತುಂಬ ಹೆಂಗಸರು. ಆರತಿಗೆ ಮೊದಲು ಅತ್ತೆ ಅಂಚೆಯಲ್ಲಿ ಬಂದ ಡಬ್ಬಿಯನ್ನು ತಂದು ಎಲ್ಲರೆದುರು ಬಿಚ್ಚಿದರು. ಒಳಗಿನಿಂದ ಅಗಲವಾದ ಕಪ್ಪು ಪಟ್ಟಿಯೊಂದು ಹೊರಬಂತು. ಹಿಂದೆಯೇ ಉದ್ದನೆಯ ವಾಯರು.

"ಇದೇನ್ ಬೇ, ಡಾಬಿಗೆ ಕರೆಂಟ್ ಕೊಡಬೇಕೇನು?" ಎಂದಳು ಪಕ್ಕದ ಮನೆಯ ಅಜ್ಜಿ.

ಡಬ್ಬಿಯ ಮೇಲೆ ದೊಡ್ಡ ಹೊಟ್ಟೆಯವನ ಚಿತ್ರ, ಅದರ ಪಕ್ಕ ಅದೇ ಮನುಷ್ಯ ತೆಳ್ಳಗಾದ ಚಿತ್ರ. ನನಗೆ ಒಮ್ಮೆಲೇ ಅರ್ಥವಾಯಿತು. ಅದು ಬೆವರು ಹರಿಸಿ ಬೊಜ್ಜು ಕರಗಿಸುವ ‘ಸೌನಾ’ ಬೆಲ್ಟು!

"ಟೀವಿಯಾಗ ಸೋನಾ ಬೆಲ್ಟ್, ಸೋನಾ ಬೆಲ್ಟ್ ಅಂತ ಬಡಕೊಂಡ್ರಲ್ಲವಾ! ಸೋನಾ ಅಂದ್ರ ಬಂಗಾರ ಅಲ್ಲೇನು? ಬಂಗಾರದ ನೀರು ಹಾಕಿದ್ದಾದ್ರೂ ಇರತೈತಿ ಅನಕೊಂಡಿದ್ನಿ" ಎಂದರು ಅತ್ತೆ. ನಮ್ಮದು ಕಪ್ಪು ಬಿಳುಪಿನ ಟೀವಿ. ಅದರಲ್ಲಿ ಬಂಗಾರವೂ ಒಂದೇ, ರಬ್ಬರೂ ಒಂದೇ.

ನಮ್ಮವ್ವನ ನಾಲಿಗೆ ಎಂಥದ್ದೆಂದು ನನಗೆ ಗೊತ್ತು. ಅವ್ವ ಎದ್ದು ಬಂದು ಬೆಲ್ಟನ್ನು ತಿರುವಿ ನೋಡಿದಳು.

"ಅಲ್ರೀ ಬೀಗ್ತಿ, ಮಗಳ ಹೊಟ್ಟಿ ತುಂಬಲಿ ಅಂತ ನಾವು ಬುತ್ತಿ ಹೊತ್ಕೊಂಡು ಬಂದ್ರ, ನೀವು ಅದನ್ನ ಕರಗಸಾಕ ಮಿಷನ್ ತರಿಸೀರಲ್ರಿ!"

ಪಡಸಾಲೆ ನಗೆಯಲ್ಲಿ ಮುಳುಗಿತು. ಅವ್ವ ಅಷ್ಟಕ್ಕೇ ಬಿಡಲಿಲ್ಲ. "ಕರಗೂ ಹೊಟ್ಟಿ ಇಲ್ಲೈತಿ ನೋಡ್ರಿ" ಎನ್ನುತ್ತ ಅತ್ತೆಯ ಇಳಕಲ್ ಸೀರೆಯ ಮೇಲೆಯೇ ಬೆಲ್ಟು ಬಿಗಿದಳು. ಅಳುವ ಮುಖ ಮಾಡಿದ್ದ ಅತ್ತೆ ಕಣ್ಣೊರೆಸಿಕೊಂಡು ತಾವೂ ನಕ್ಕರು. ಆಮೇಲೆ ಬೀಗತಿಯರಿಬ್ಬರೂ ಒಬ್ಬರ ಬಾಯಿಗೊಬ್ಬರು ಹೋಳಿಗೆ ತುರುಕಿದರು. ಡಾಬಿನ ಮಾತನ್ನು ಯಾರೂ ಎತ್ತಲಿಲ್ಲ.

ಹೆರಿಗೆಗೆಂದು ತವರಿಗೆ ಹೊರಟಾಗ ಬಸ್ಸಿನ ಕಿಟಕಿಯಲ್ಲಿ ಕೈ ಹಾಕಿ ಅತ್ತೆ ನನ್ನ ಕೈ ಹಿಡಿದುಕೊಂಡರು. "ಮುಂದ ಖರೇ ಡಾಬು ಮಾಡಸತೇನಿ ತಂಗಿ" ಎಂದರು.

"ಡಾಬು ಬ್ಯಾಡ್ರಿ ಅತ್ತಿ, ನೀವು ಟೀವಿ ನೋಡೂದು ಬಿಟ್ರ ಸಾಕ್ರಿ" ಎಂದೆ. ಬಸ್ಸಿನಲ್ಲಿದ್ದವರೆಲ್ಲ ತಿರುಗಿ ನೋಡುವಷ್ಟು ಜೋರಾಗಿ ಅತ್ತೆ ನಕ್ಕರು.

ಡಾಬು ಇವತ್ತಿಗೂ ಬಂದಿಲ್ಲ, ನಾನು ಕೇಳಿಯೂ ಇಲ್ಲ. ತಿಳಿಯದ ಹಿಂದಿಗೆ ಕಿವಿಗೊಟ್ಟು, ಸೊಸೆಯ ನಡುವಿಗೆ ಬಂಗಾರ ಹುಡುಕಿದ ಅತ್ತೆ ನನ್ನವರು. ಅದನ್ನು ನೆನೆದಾಗಲೆಲ್ಲ ನನ್ನ ಬರಿಯ ನಡುವಿನ ಬಗ್ಗೆ ನನಗೇ ಹೆಮ್ಮೆಯಾಗುತ್ತದೆ.