ಶುಕ್ರವಾರದ ಗೆರೆಯಾಟ

ನಲವತ್ತರ ದಶಕದ ನಡುವಿನ ಮಾತು. ನನಗೆ ಇಪ್ಪತ್ತಮೂರು ವರ್ಷ. ಯಲಬುರ್ಗಾದಿಂದ ಬಂದು, ಕಾಲುವೆಗಾಗಿ ನೆಲ ಅಳೆಯುತ್ತಿದ್ದ ಸಣ್ಣದೊಂದು ತಂಡದಲ್ಲಿ ನಕ್ಷೆ ಬರೆಯುವ ಕೆಲಸಕ್ಕೆ ಸೇರಿದ್ದೆ. ಸಾಣಾಪುರದ ಆಚೆ ಬಂಡೆಗಳ ನಡುವೆ ನಮ್ಮ ಡೇರೆ. ಇದ್ದವರು ನಾಲ್ವರು: ಗಂಗಾವತಿಯ ವಯಸ್ಸಾದ ಓವರ್ಸಿಯರ್ ಸಾಹೇಬರು, ನೆಲದ ಏರುತಗ್ಗನ್ನು ಯಂತ್ರದಲ್ಲಿ ನೋಡಿ ಬರೆದುಕೊಳ್ಳುತ್ತಿದ್ದ ಕುಷ್ಟಗಿಯವ, ಅಳತೆಯ ಸರಪಳಿ ಎಳೆಯಲು ವಿರೂಪಾಪುರಗಡ್ಡೆಯಿಂದ ಬಂದಿದ್ದ ಒಬ್ಬ ನಡುವಯಸ್ಸಿನ ರೈತ, ಮತ್ತು ನಾನು.

ಕುಷ್ಟಗಿಯವನಿಗೂ ನನಗೂ ಮಾತು ನಿಂತು ಹನ್ನೆರಡು ದಿನವಾಗಿತ್ತು. ಜಗಳ ಒಂದು ಹಳ್ಳದ್ದು. ನನ್ನ ನಕ್ಷೆಯಲ್ಲಿ ಹಳ್ಳ ಗುಡ್ಡದ ಬಲಕ್ಕೆ ಹರಿದಿತ್ತು. ಅವನ ಅಳತೆಯ ಪ್ರಕಾರ ನೆಲ ತಗ್ಗಾಗುವುದು ಎಡಕ್ಕೆ, ಹಳ್ಳವೂ ಅಲ್ಲೇ ಇರಬೇಕು. ನಾನು ಕಣ್ಣಾರೆ ನೋಡಿ ಗುರುತು ಹಾಕಿಕೊಂಡಿದ್ದೆ. ಅವನು ಯಂತ್ರ ಸುಳ್ಳು ಹೇಳುವುದಿಲ್ಲ ಎನ್ನುತ್ತಿದ್ದ. ಕೊನೆಗೆ ಒಂದು ಬೆಳಿಗ್ಗೆ ಅವನು ನನ್ನ ಹಾಳೆಯ ಮೇಲೆ ಕೈ ಬಡಿದು, "ನಿನಗ ಕಣ್ಣು ಕಾಣತಾವೊ ಇಲ್ಲೋ?" ಅಂದ. ನಾನೂ ಬಿಡಲಿಲ್ಲ. ಆಮೇಲೆ ಒಂದೇ ಡೇರೆಯಲ್ಲಿ ಬೆನ್ನು ತಿರುಗಿಸಿ ಉಣ್ಣತೊಡಗಿದೆವು. ಅವನಿಗೆ ಹೇಳುವುದಿದ್ದರೆ ಸಾಹೇಬರ ಮೂಲಕ ಹೇಳಿಸುತ್ತಿದ್ದೆ.

ಆಗ ನಿಜಾಮರ ಆಳ್ವಿಕೆ, ಶುಕ್ರವಾರ ನಮಗೆ ರಜೆ. ಅಂದು ನಮಾಜು ಮುಗಿಸಿ ಬಂದ ಸಾಹೇಬರು ಹಳೆಯ ನಕ್ಷೆಯೊಂದನ್ನು ಮಗುಚಿ, ಖಾಲಿ ಬೆನ್ನು ಮೇಲಾಗುವಂತೆ ಚಾಪೆಯ ಮೇಲೆ ಹಾಸಿದರು. "ಬರ್ರಿ, ಎಲ್ಲಾರೂ ಕೂಡ್ರಿ. ಒಂದು ಆಟ ಆಡೋಣು. ಒಬ್ಬೊಬ್ಬರು ಒಂದೊಂದ ಗೆರಿ ಎಳೀಬೇಕು. ಅಳಸೂ ಹಂಗಿಲ್ಲ, ಬಾಯಿ ತೆರೆಯೂ ಹಂಗಿಲ್ಲ. ನಾಕೂ ಮಂದಿ ಕೂಡಿ ಒಂದ ಚಿತ್ರ ಆಗಬೇಕು."

ಇದು ದೊಡ್ಡವರು ಆಡುವ ಆಟವೇ ಎಂದು ನನಗೆ ಮುಜುಗರವಾಯಿತು. ಆದರೆ ಸಾಹೇಬರಿಗೆ ಇಲ್ಲ ಎನ್ನುವುದು ಹೇಗೆ? ನಾನು ಎತ್ತಿನ ಬೆನ್ನು ಬರೆದೆ. ಕುಷ್ಟಗಿಯವನು ಅದರ ಮೇಲೆ ಅಡ್ಡಗೆರೆ ಎಳೆದ. ನನ್ನ ಸರದಿ ಬಂದಾಗ ಅವನ ಗೆರೆಯನ್ನು ಕತ್ತರಿಸಿದಂತೆ ಇನ್ನೊಂದು ಎಳೆದೆ. ಸರಪಳಿಯವನು ಪ್ರತಿ ಸಲವೂ ಮೂಲೆಯಲ್ಲಿ ಒಂದು ಚುಕ್ಕೆ ಇಟ್ಟು ಪೆನ್ಸಿಲ್ಲನ್ನು ಬೇಗ ಬೇಗ ದಾಟಿಸುತ್ತಿದ್ದ. ನಾಲ್ಕು ಸುತ್ತು ಮುಗಿದಾಗ ಹಾಳೆ ಕೋಳಿ ಕೆದರಿದ ತಿಪ್ಪೆಯಂತಿತ್ತು. ಸರಪಳಿಯವನು ಮೊದಲು ನಕ್ಕ. ಸಾಹೇಬರು ನಕ್ಕರು. ಕುಷ್ಟಗಿಯವನ ಮೀಸೆಯೂ ಅಲುಗಿತು, ಆದರೆ ನನ್ನ ಕಡೆ ನೋಡಲಿಲ್ಲ.

ಸಾಹೇಬರು ಇನ್ನೊಂದು ಹಾಳೆ ಹಾಸಿದರು. "ಈಗ ನಮ್ಮ ಡೇರೆಯಿಂದ ಗುಡ್ಡದ ತನಕ ಇರೂ ನೆಲ ಬರೀರಿ. ನಿಮ್ಮ ಮುಂಚಿನವನ ಗೆರಿ ನೋಡಿ, ಆಮ್ಯಾಲ ನಿಮ್ಮದು ಎಳೀರಿ. ಅವಸರ ಇಲ್ಲ."

ಈ ಸಲ ನಿಧಾನವಾಗಿ ಸಾಗಿತು. ಸಾಹೇಬರು ಡೇರೆ ಬರೆದರು. ಕುಷ್ಟಗಿಯವನು ಗುಡ್ಡ ಎಬ್ಬಿಸಿದ, ನಿಜಕ್ಕೂ ಚೆನ್ನಾಗಿತ್ತು. ನಾನು ಗುಡ್ಡದ ಬಲಕ್ಕೆ ನನ್ನ ಹಳ್ಳವನ್ನೇ ಎಳೆದೆ, ಬೇಕೆಂದೇ ಎಳೆದೆ. ಸರಪಳಿಯವನ ಕೈಗೆ ಪೆನ್ಸಿಲ್ ಹೋಯಿತು. ಅವನು ಓದುಬರಹ ಬಲ್ಲವನಲ್ಲ. ಹಾಳೆಯನ್ನು ಬಹಳ ಹೊತ್ತು ನೋಡಿ, ಗುಡ್ಡಕ್ಕಿಂತ ಮೊದಲೇ ನನ್ನ ಹಳ್ಳದಿಂದ ಇನ್ನೊಂದು ಗೆರೆ ತೆಗೆದು, ಗುಡ್ಡದ ಎಡಕ್ಕೆ ಬಳಸಿ ಒಯ್ದ.

"ಅದೇನದು?" ಎಂದೆ ನಾನು, ಆಟದ ಕಟ್ಟಳೆ ಮರೆತು.

ಅವನು ಗಾಬರಿಯಾದ. ಸಾಹೇಬರು, "ಹೇಳಪ್ಪ, ಅಂಜಬ್ಯಾಡ" ಅಂದರು.

"ಹಳ್ಳ ಅಲ್ಲೆ ಎರಡಾಗಿ ಒಡೀತೈತ್ರಿ. ಎರಡೂ ಗುಡ್ಡದ ಆಕಡೆ ಮತ್ತ ಕೂಡತಾವು. ನಮ್ಮ ದನಾ ಅಲ್ಲೇ ಮೇಯತಿದ್ವು. ಎಡದ್ದು ಮುಳ್ಳುಕಂಟಿಯೊಳಗ ಮುಚ್ಚೈತಿ, ಮಳಿ ಬಂದಾಗಷ್ಟ ಕಾಣತೈತಿ."

"ಮೊದಲ ಯಾಕ ಹೇಳಲಿಲ್ಲ?" ಸಾಹೇಬರು ಕೇಳಿದರು.

"ಹೇಳಿದ್ನ್ರಿ. ಸುಮ್ಮನ ಸರಪಳಿ ಹಿಡಿ ಅಂದ್ರು."

ಯಾರು ಅಂದರು ಎಂದು ಅವನು ಹೇಳಲಿಲ್ಲ. ಸಾಹೇಬರೂ ಕೇಳಲಿಲ್ಲ. ಅಂದದ್ದು ನಾನು. "ನಾನ ಅಂದದ್ದು ರೀ" ಎಂದೆ. ಕುಷ್ಟಗಿಯವನು ತಲೆ ಎತ್ತಿ, "ನಾನೂ ಅಂದೀನಿ" ಅಂದ. ಹನ್ನೆರಡು ದಿನಗಳಲ್ಲಿ ನನ್ನ ಮಾತಿಗೆ ಅವನು ಆಡಿದ ಮೊದಲ ಮರುಮಾತು ಅದು.

ಶನಿವಾರ ನಾಲ್ವರೂ ಹೋದೆವು. ಸರಪಳಿಯವನು ಮುಂದೆ ನಡೆದು ಕಂಟಿ ಸರಿಸಿದ. ಕೆಳಗೆ ಮರಳು, ನೀರು ಸವೆಸಿದ ದುಂಡುಕಲ್ಲು. ಕುಷ್ಟಗಿಯವನ ಅಳತೆಗಳು ಆ ಎಡದ ಕವಲಿನವು. ನಾನು ನೋಡಿದ್ದು ಬಲದ್ದು. ಇಬ್ಬರದೂ ಸರಿ, ಇಬ್ಬರದೂ ಅರ್ಧ. ಕುಷ್ಟಗಿಯವನು ಮತ್ತೆ ಯಂತ್ರ ಹೂಡಿದ, ನಾನು ಹಾಳೆಯನ್ನು ಹೊಸದಾಗಿ ಬರೆದೆ. ಮೂರು ದಿನ ಹಿಡಿಯಿತು.

ಅಲ್ಲಿಂದ ಮುಂದೆ ಪ್ರತಿ ಹಾಳೆಗೂ ಶಾಯಿ ಹಾಕುವ ಮೊದಲು ಸರಪಳಿಯವನನ್ನು ಪಕ್ಕದಲ್ಲಿ ಕೂರಿಸಿಕೊಂಡು ತೋರಿಸುವುದು ರೂಢಿಯಾಯಿತು. ಅವನು ಬೆರಳಿನಿಂದ ಹಾದಿ, ದಿಬ್ಬ, ಹಳೆಯ ಬಾವಿ ತೋರಿಸುತ್ತಿದ್ದ. ಕುಷ್ಟಗಿಯವನೂ ನಾನೂ ಆಪ್ತ ಗೆಳೆಯರೇನೂ ಆಗಲಿಲ್ಲ. ಅವನ ಸಿಟ್ಟು ಅವನಿಗೆ, ನನ್ನ ಹಟ ನನಗೆ. ಆದರೆ ಮತ್ತೆ ಜಗಳವಾದಾಗಲೆಲ್ಲ ಎದುರಾಬದುರಾ ಕೂತೇ ಆಡಿದೆವು, ಜಗಳ ಮುಗಿಯದಿದ್ದರೂ ಊಟಕ್ಕೆ ಒಟ್ಟಿಗೇ ಎದ್ದೆವು.