ಉತ್ತರ ಬರುವವರೆಗೂ ಬಾಗಿಲು ಬಿಡಬಾರದು

ಕಥೆ ಅಂದುಕೊಂಡು ಓದಿದರೂ ನನಗೆ ಬೇಸರವಿಲ್ಲ. ಆದರೆ ನನ್ನ ಕಿವಿ ಚೆನ್ನಾಗಿದೆ, ನಿದ್ದೆಮಾತ್ರೆಯ ಅಭ್ಯಾಸವಿಲ್ಲ. ಕೇಳಿಸಿದ್ದಕ್ಕೆ ಒಂದು ಸದ್ದನ್ನೂ ನಾನಾಗಿ ಸೇರಿಸಿಲ್ಲ.

ಸಿಂಗಾಪುರದ ಒಂದು ಯೂನಿವರ್ಸಿಟಿ ಲೈಬ್ರರಿಯಲ್ಲಿ ಹಳೆಯ ಕಾಗದಪತ್ರ ಜೋಡಿಸಿಡುವ ಕೆಲಸ ನನ್ನದು. ಯಜಮಾನರು ಹೋದ ಮೇಲೆ ಯಿಶುನ್‌ನ ಫ್ಲಾಟಿನಲ್ಲಿ ಒಬ್ಬಳೇ ಇದ್ದೇನೆ. ಬೆಳಿಗ್ಗೆ ಅರ್ಧ ಲೋಟ ಅಕ್ಕಿ ಇಟ್ಟರೆ ರಾತ್ರಿಗೂ ಅದೇ ಆಗುತ್ತದೆ. ಕುಕ್ಕರ್ ಸೀಟಿ ಬಿಟ್ಟರೆ ಮನೆಯಲ್ಲಿ ಬೇರೆ ದನಿಯಿಲ್ಲ.

ಯೂನಿವರ್ಸಿಟಿಯ ಮುಖ್ಯಸ್ಥರಾಗಿದ್ದ, ಎಲ್ಲರೂ ಪ್ರೆಸಿಡೆಂಟ್ ಎನ್ನುತ್ತಿದ್ದ ಹಿರಿಯರೊಬ್ಬರು ತೀರಿಕೊಂಡಾಗ ಅವರ ಕಾಗದಗಳೆಲ್ಲ ನಮ್ಮಲ್ಲಿಗೆ ಬಂದವು. ತುಕ್ಕು ಹಿಡಿದ ಪಿನ್ನು ಕೀಳುವುದು, ಹಾಳೆ ಒರೆಸುವುದು, ಹೊಸ ಪೆಟ್ಟಿಗೆಗೆ ಹಾಕುವುದು... ಯೂನಿವರ್ಸಿಟಿಯ ಫೈಲುಗಳ ಜೊತೆ ಅವರ ಬೇರೊಂದು ಬದುಕೂ ಆ ಪೆಟ್ಟಿಗೆಗಳಲ್ಲಿತ್ತು. ಆಂಗ್ ಮೋ ಕಿಯೋ ಬಡಾವಣೆಯಲ್ಲಿ ತಾವು ಮೊದಲು ಮನೆ ಹೂಡಿದ ಫ್ಲಾಟುಗಳ ಬ್ಲಾಕನ್ನು ಅವರು ಕೊನೆಯವರೆಗೂ ಬಿಟ್ಟಿರಲಿಲ್ಲ. ಬ್ಲಾಕಿನ ನೆಲಮಟ್ಟದ ತೆರೆದ ಜಾಗವಾದ ವಾಯ್ಡ್ ಡೆಕ್‌ನಲ್ಲಿ ಮುದುಕರ ಚಹಾ ಕೂಟದ ಫೋಟೊಗಳು, ಸಭೆಯ ನೋಟೀಸುಗಳು. ಅಲ್ಲಿ ಅವರು ಹಾಕಿಕೊಟ್ಟ ರೂಢಿ ಒಂದಿತ್ತು. ಒಂಟಿಯಾಗಿರುವವರ ಬಾಗಿಲನ್ನು ಪ್ರತಿ ಸಂಜೆ ಯಾರಾದರೂ ತಟ್ಟಬೇಕು, ಒಳಗಿನಿಂದ ದನಿ ಬರುವವರೆಗೂ ಅಲ್ಲಿಂದ ಕದಲಬಾರದು.

ಅದನ್ನು ಓದಿದ ದಿನ ನನಗೆ ಊಟ ಸೇರಲಿಲ್ಲ. ನಾನು ಬಚ್ಚಲಲ್ಲಿ ಜಾರಿ ಬಿದ್ದರೆ ಯಾರಿಗೆ ಗೊತ್ತಾಗುತ್ತದೆ?

ಲೈಬ್ರರಿಯಲ್ಲಿ ನಮ್ಮ ಮೇಲಧಿಕಾರಿ ಮೇ ಲಿಂಗ್, ಚಿಕ್ಕ ವಯಸ್ಸಿನ ಹುಡುಗಿ. "ಲತಾ, ಬ್ಲಾಕಿನ ಪೆಟ್ಟಿಗೆಗಳು ಬೇಡ. ನಾಳೆ ರದ್ದಿ ವ್ಯಾನಿಗೆ ಹಾಕಿಬಿಡಿ," ಎಂದಳು.

"ಅದು ಅವರ ಜೀವ ಕಣಮ್ಮಾ. ಇಲ್ಲಿ ಕೂತಿದ್ದು ಬರೀ ಉದ್ಯೋಗ."

"ಜೀವ ಇಡೋಕೆ ಶೆಲ್ಫ್ ಎಲ್ಲಿದೆ ಲಾ?" ಇಲ್ಲಿಯವರ ರೂಢಿಯಂತೆ ಕೊನೆಗೊಂದು 'ಲಾ' ಸೇರಿಸಿ ನಕ್ಕು ಹೋದಳು.

ಆ ಸಂಜೆ ಎಲ್ಲರೂ ಹೊರಟ ಮೇಲೆ ಕಪಾಟು ಮುಚ್ಚುವ ಸರದಿ ನನ್ನದಾಗಿತ್ತು. ನಮ್ಮಲ್ಲಿರುವುದು ಹಳಿಯ ಮೇಲೆ ಉರುಳುವ ಕಬ್ಬಿಣದ ಕಪಾಟುಗಳು. ಚಕ್ರ ತಿರುಗಿಸಿದರೆ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ನಡುವೆ ಯಾರಾದರೂ ಸಿಕ್ಕಿಕೊಂಡರೆ ಗತಿಯೇನು? ಅದಕ್ಕೇ ಮೊದಲು ಕೂಗಬೇಕು, ಉತ್ತರ ಬರದಿದ್ದರೆ ಮಾತ್ರ ತಿರುಗಿಸಬೇಕು.

ದಿನಾ ಇಂಗ್ಲಿಷಿನಲ್ಲಿ ಕೂಗುತ್ತಿದ್ದವಳು ಆ ದಿನ ಯಾಕೋ ಕನ್ನಡದಲ್ಲೇ ಕೂಗಿದೆ. "ಯಾರಾದ್ರೂ ಇದ್ದೀರಾ?"

ಟಕ್... ಟಕ್... ಟಕ್...

ಒಳಸಾಲಿನಿಂದ. ಬೆರಳಗೆಣ್ಣಿನಿಂದ ಕಬ್ಬಿಣದ ಮೇಲೆ ಮೆಲ್ಲಗೆ ತಟ್ಟಿದ ಹಾಗೆ.

ನೋಡಿದೆ. ಸಾಲಿನ ದೀಪ ಹೊತ್ತಿತ್ತು. ಯಾರಾದರೂ ಅಲ್ಲಾಡಿದರೆ ಮಾತ್ರ ಹೊತ್ತಿಕೊಳ್ಳುವ ದೀಪ ಅದು. ಕೆಳಗೆ ನಾಳೆ ಹೋಗಬೇಕಿದ್ದ ಆ ಪೆಟ್ಟಿಗೆಗಳು. ಮನುಷ್ಯರಿಲ್ಲ. ಮುದುಕರು ಹಣೆಗೆ ಹಚ್ಚಿಕೊಳ್ಳುವ ನೀಲಗಿರಿ ಎಣ್ಣೆಯ ವಾಸನೆ ಮಾತ್ರ ತೇಲಿ ಬಂತು...

ಟಕ್... ಟಕ್... ಟಕ್...

ಕೋಪವಿರಲಿಲ್ಲ ಆ ಸದ್ದಿನಲ್ಲಿ, ಆತುರವೂ ಇರಲಿಲ್ಲ. ಕಾಯುತ್ತಿತ್ತು. ನನಗೆ ಥಟ್ಟನೆ ಹೊಳೆಯಿತು. ಅದು ನನ್ನ ಪ್ರಶ್ನೆಗೆ ಉತ್ತರವಲ್ಲ. ಅದೇ ನನ್ನನ್ನು ಕೇಳುತ್ತಿತ್ತು.

"ಇದ್ದೀನಿ... ನಾನಿದ್ದೀನಿ," ಎಂದೆ.

ಸದ್ದು ನಿಂತಿತು. ಆ ದೀಪ ಆರಿತು. ಪಕ್ಕದ ಸಾಲಿನದು ಹೊತ್ತಿತು, ಆರಿತು. ಅದರಾಚೆಯದು ಹೊತ್ತಿತು... ಯಾರೋ ಮುಂದಿನ ಮನೆಗೆ, ಅದರ ಮುಂದಿನ ಮನೆಗೆ ನಡೆದು ಹೋದ ಹಾಗೆ.

ಎಂಆರ್‌ಟಿ ರೈಲಿನಲ್ಲಿ ಕೂತು ಟ್ಯಾಂಪಿನೀಸ್‌ನ ಗೆಳತಿ ಶೈಲಾಗೆ ಫೋನ್ ಮಾಡಿದೆ.

"ಏಸಿ ಪೈಪ್ ಕಣೇ ಅದು! ಪ್ರೆಸಿಡೆಂಟ್ ದೆವ್ವ ಆದ್ರೂ ನಿನ್ ಹತ್ರ ಯಾಕ್ ಬರ್ತಾರೆ, ಅಪಾಯಿಂಟ್‌ಮೆಂಟ್ ಕೊಟ್ಟಿದ್ಯಾ?"

"ನಗಬೇಡ್ವೇ. ಎಣ್ಣೆ ವಾಸನೆ ಬಂತು."

"ನಮ್ಮತ್ತೆನೂ ಹಚ್ಕೋತಾರೆ. ಕಳಿಸ್ಲಾ ಅಲ್ಲಿಗೆ? ಮೊದಲು ಹೋಗಿ ಬಿಸಿ ಬಿಸಿ ಸಾರು ಅನ್ನ ತಿನ್ನು, ಸುಮ್ನೆ."

ಮರುದಿನ ಮೇ ಲಿಂಗ್‌ಳನ್ನು ಮತ್ತೆ ಬೇಡಿಕೊಂಡೆ. ಒಂದು ಚಹಾ ಕೂಟದ ಫೋಟೊ ಉಳಿಸಿಕೊಂಡಳು, ಅಷ್ಟೇ. ಉಳಿದದ್ದು ವ್ಯಾನಿನಲ್ಲಿ ಹೋಯಿತು. ಆ ಸಂಜೆ ಕಪಾಟಿನ ಮುಂದೆ ನಿಂತು ಕೂಗಿದೆ. ಏನೂ ಇಲ್ಲ. ಪಿಚ್ಚೆನಿಸಿತು.

ಮನೆಗೆ ಬಂದು ಮೊಸರನ್ನ ಕಲಸುತ್ತಿದ್ದೆ. ಬಾಗಿಲು...

ಟಕ್... ಟಕ್... ಟಕ್...

ಕೈ ತಟ್ಟೆಯಲ್ಲೇ ನಿಂತಿತು. ಬಾಗಿಲ ಸಂದಿಯಿಂದ ಅದೇ ಎಣ್ಣೆಯ ವಾಸನೆ. ನಾನು ಉಸಿರೆತ್ತಲಿಲ್ಲ, ಅದು ಬಿಡಲಿಲ್ಲ. ಕೊನೆಗೆ "ಇದ್ದೀನಿ" ಅಂದೆ. ಹೆಜ್ಜೆ ಪಕ್ಕದ ಮನೆಯತ್ತ ಹೋಯಿತು. ಅಲ್ಲಿಯೂ ತಟ್ಟಿತು.

ಅಂದಿನಿಂದ ದಿನಾ ಹೀಗೇ. ಹೆದರಿಕೆ ಇದೆ. ಆದರೆ ನಿಜ ಹೇಳಬೇಕೆಂದರೆ, ಸಂಜೆಯಾದರೆ ಕಿವಿ ತಾನಾಗಿಯೇ ಬಾಗಿಲ ಕಡೆ ಹೋಗುತ್ತದೆ.

ಪಕ್ಕದ ಮನೆಯಲ್ಲಿರುವವಳು ಒಬ್ಬ ಚೀನೀ ಅಜ್ಜಿ. ಅವಳೂ ಒಂಟಿ. ಮೊನ್ನೆ ಲಿಫ್ಟ್ ಹತ್ತಿರ ಸಿಕ್ಕಳು. ಧೈರ್ಯ ಮಾಡಿ ಕೇಳಿಯೇಬಿಟ್ಟೆ. "ಆಂಟಿ, ದಿನಾ ಸಂಜೆ ನಿಮ್ಮ ಬಾಗಿಲು ಯಾರು ತಟ್ಟೋದು?"

ಅಜ್ಜಿ ನನ್ನ ತೋಳಿಗೊಂದು ಏಟು ಕೊಟ್ಟು ನಕ್ಕಳು. "ತಮಾಷೆನಾ? ನೀನೇ ಲಾ!"

"ನಾನಾ?"

"ಬಾಗಿಲ ಕಿಂಡಿಲಿ ನೋಡ್ತೀನಲ್ಲ ದಿನಾ. ಇದೇ ಕನ್ನಡಕ, ಇದೇ ಹೂವಿನ ನೈಟಿ. ನಾನು ಯೆಸ್ ಅಂದ ಮೇಲೇ ನೀನು ಹೋಗೋದು." ಆಮೇಲೆ ನನ್ನ ಕೈ ಹಿಡಿದುಕೊಂಡಳು. "ಒಳ್ಳೆಯವಳು ನೀನು. ನಿಲ್ಲಿಸಬೇಡ, ಆಯ್ತಾ?"

ಬಾಗಿಲು ಹಾಕಿದ ಮೇಲೆ ನಾನು ಹೊರಗೆ ಕಾಲಿಡುವವಳಲ್ಲ. ಹೂವಿನ ನೈಟಿಯಲ್ಲಂತೂ ಎಂದೂ ಇಲ್ಲ. ಆದರೂ ಅಜ್ಜಿಗೆ ಆಗಲಿ ಎಂದು ತಲೆಯಾಡಿಸಿದೆ.

ಈಗಲೂ ಅದು ಬಾಗಿಲು ತಟ್ಟುತ್ತದೆ. ನಾನು ದನಿ ಕೊಡುತ್ತೇನೆ, ಹೆಜ್ಜೆ ಮುಂದೆ ಹೋಗುತ್ತದೆ.

ನನ್ನ ಬಾಗಿಲಿಗೂ ಒಂದು ಕಿಂಡಿಯಿದೆ. ಇವತ್ತಿನವರೆಗೂ ಅದಕ್ಕೆ ಕಣ್ಣು ಹಚ್ಚಿ ನೋಡಿಲ್ಲ.